ಬೈಸಿಕೊಂಡಾಗ ಎದ್ದ ‘ನಾನು’

ಬೌದ್ಧರು ಹೇಳುವ ಶೂನ್ಯತೆ ಅಂದರೆ ಏನೂ ಇಲ್ಲ ಅಂತಲೇ ಎರಡು ವರ್ಷ ತಿಳಿದಿದ್ದೆ. ವಚನಗಳ ‘ಬಯಲು’ ಕೇಳುತ್ತಾ ಬೆಳೆದವನು ನಾನು. ಕಣ್ಣು ಮುಚ್ಚಿ ಮನಸ್ಸನ್ನು ಬಯಲು ಮಾಡಿಕೊಂಡರೆ ಆಯಿತು ಅಂದುಕೊಂಡೆ. ಆದರೆ ಮನೆಯವರು ಕಷ್ಟ ಹೇಳಿಕೊಂಡಾಗಲೂ ‘ಎಲ್ಲಾ ಶೂನ್ಯ ತಾನೆ’ ಅನ್ನುವ ಉದಾಸೀನ ಒಳಗೆ ಸೇರಿಬಿಟ್ಟಿತ್ತು. ಶೂನ್ಯತೆಯನ್ನು ವಿವರಿಸಿದ ಬೌದ್ಧ ದಾರ್ಶನಿಕ ನಾಗಾರ್ಜುನ ಎಚ್ಚರಿಸಿದ್ದು ಇದನ್ನೇ: ತಪ್ಪಾಗಿ ಹಿಡಿದ ಶೂನ್ಯತೆ, ತಪ್ಪಾಗಿ ಹಿಡಿದ ಹಾವಿನ ಹಾಗೆ ಹಿಡಿದವನನ್ನೇ ಕೆಡಿಸುತ್ತದೆ.

ಆಮೇಲೆ ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೇಳಿದ ಪ್ರಶ್ನೆಯನ್ನು ಓದಿದೆ: ರಥದ ಯಾವ ಭಾಗ ರಥ? ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ, ಅಪ್ಪ ಕಬ್ಬು ಸಾಗಿಸುತ್ತಿದ್ದ ಗಾಡಿ ಹಿತ್ತಲಲ್ಲಿ ಬಿದ್ದಿತ್ತು. ನೊಗ ಗಾಡಿಯೇ? ಅಚ್ಚು ಗಾಡಿಯೇ? ಮೂಕಿ, ಗಾಲಿ, ಕೀಲು? ಯಾವುದೂ ಅಲ್ಲ, ಇವನ್ನೆಲ್ಲ ಬಿಟ್ಟು ಬೇರೆ ಗಾಡಿಯೂ ಇಲ್ಲ. ‘ನಾನು’ ಅನ್ನುವುದೂ ಹಾಗೆಯೇ ಅನ್ನುವುದು ನಾಗಸೇನನ ಮಾತು. ತರ್ಕ ತಲೆಗೆ ಹತ್ತಿತು, ಎದೆಗೆ ಇಳಿಯಲಿಲ್ಲ. ಗಾಡಿಯ ಮೇಲೆ ನನಗೆ ಅಷ್ಟು ಮೋಹ ಎಲ್ಲಿತ್ತು?

ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿ ಬೈಲುಕುಪ್ಪೆಗೆ ಹೋದೆ. ಅಲ್ಲಿನ ಟಿಬೆಟನ್ ಬೌದ್ಧರ ಸೆರಾ ಮಠದ ಅಂಗಳದಲ್ಲಿ ಭಿಕ್ಷುಗಳ ವಾದ ನಡೆದಿತ್ತು. ನಿಂತವರು ಪ್ರಶ್ನೆಯ ಕೊನೆಗೆ ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾರೆ, ಕೂತವರು ಉತ್ತರ ಕೊಡಬೇಕು. ಕನ್ನಡ ಚೆನ್ನಾಗಿ ಬರುತ್ತಿದ್ದ ಹಿರಿಯ ಭಿಕ್ಷುವೊಬ್ಬರು ನನ್ನ ಮಾತು ಕೇಳಿ ಅಂದರು: “ಅಣ್ಣಾ, ಕಳ್ಳನ ಗುರುತೇ ಇಲ್ಲದೆ ಹಿಡಿಯೋಕೆ ಹೊರಟಿದ್ದೀರಿ. ಮಾಡದ ತಪ್ಪು ಮೇಲೆ ಬಿದ್ದಾಗ ‘ನನಗೇನಾ?’ ಅಂತ ಏಳುತ್ತಲ್ಲ, ಮೊದಲು ಅದನ್ನ ನೋಡಿ.”

ಅಂಥ ಗಳಿಗೆ ಬೇಗನೆ ಬಂತು. ನಾನು ಲೆಕ್ಕ ಬರೆಯುತ್ತಿದ್ದ ಅಂಗಡಿಯಲ್ಲಿ ಹಣ ಕಡಿಮೆ ಬಂದು, ಎಲ್ಲರೆದುರು ನನ್ನನ್ನೇ ಕೇಳಿದರು. ಕಿವಿ ಕಾದವು. ಅವಮಾನದ ನಡುವೆಯೇ ಕಂಡೆ: ದೇಹಕ್ಕೂ ಮನಸ್ಸಿಗೂ ಯಜಮಾನನಂತೆ, ಯಾವುದನ್ನೂ ಆಶ್ರಯಿಸದೆ ತಾನೇ ತಾನಾಗಿ ನಿಂತ ಒಬ್ಬ ‘ನಾನು’.

ಮರುದಿನದಿಂದ ಬೆಳಗಿನ ಜಾವ ಇಪ್ಪತ್ತು ನಿಮಿಷ ಅವನನ್ನೇ ಹುಡುಕಿದೆ. ಮೊದಲು ಆ ಘಟನೆ ನೆನೆದು ಅವನನ್ನು ಎಬ್ಬಿಸಬೇಕು. ಆಮೇಲೆ ಪಂಚಸ್ಕಂಧಗಳಲ್ಲಿ, ಅಂದರೆ ಮನುಷ್ಯನನ್ನು ಬೌದ್ಧರು ವಿಂಗಡಿಸುವ ಐದು ಭಾಗಗಳಲ್ಲಿ, ಅರಸಬೇಕು. ಕಾದ ಕಿವಿ ರೂಪ, ಉರಿ ವೇದನೆ, ‘ಇದು ಅವಮಾನ’ ಅನ್ನುವ ಗುರುತು ಸಂಜ್ಞೆ, ತಿರುಗಿ ಬೈಯುವ ತುಡಿತ ಸಂಸ್ಕಾರ, ಇವನ್ನೆಲ್ಲ ಅರಿಯುವುದು ವಿಜ್ಞಾನ. ಇವೇ ‘ನಾನು’ ಆದರೆ ಐದು ‘ನಾನು’ಗಳಾಗಬೇಕು. ಬೇರೆಯಾದರೆ ಇವನ್ನೆಲ್ಲ ತೆಗೆದ ಮೇಲೂ ಅವನು ಉಳಿಯಬೇಕು. ತಿಂಗಳುಗಟ್ಟಲೆ ಇದು ಬರೀ ಬಾಯಿಪಾಠವಾಗಿತ್ತು. ಒಂದು ದಿನ ಆ ‘ನಾನು’ ನಿಜವಾಗಿಯೂ ಸಿಗಲಿಲ್ಲ. ಭಯವಾಗಿ ಚಾಪೆ ಹಿಡಿದುಕೊಂಡೆ.

ಆದರೂ ಅಂದು ಅಂಗಡಿಗೆ ಹೋಗಿ ಪುಸ್ತಕ ತೆರೆದವನು ನಾನೇ. ಅಪ್ಪನಿಗೆ ಮಗ, ಅಂಗಡಿಗೆ ಲೆಕ್ಕದವನು, ಉಂಡ ಅನ್ನದಿಂದ ನಿಂತ ದೇಹ: ಇಷ್ಟನ್ನೆಲ್ಲ ಆಶ್ರಯಿಸಿದ ‘ನಾನು’ ಅಳಿದಿರಲಿಲ್ಲ. ಪ್ರತೀತ್ಯಸಮುತ್ಪಾದವನ್ನೇ, ಅಂದರೆ ಎಲ್ಲವೂ ಕಾರಣಗಳನ್ನು ಆಶ್ರಯಿಸಿ ಹುಟ್ಟುವುದನ್ನೇ, ಶೂನ್ಯತೆ ಎನ್ನುತ್ತೇವೆ ಎಂಬ ನಾಗಾರ್ಜುನನ ಮಾತು ಆಗ ಅರ್ಥವಾಯಿತು. ಮನೆಯವರ ಕಷ್ಟವೂ ಹಾಗೆಯೇ ಕಾರಣಗಳಿಂದ ಹುಟ್ಟಿದ್ದು, ಆದ್ದರಿಂದಲೇ ನಾನು ಕೈಹಾಕಿದರೆ ಬದಲಾಗಬಲ್ಲದ್ದು.

ಸಿಟ್ಟು ಈಗಲೂ ಬರುತ್ತದೆ. ಹುಡುಕಾಟ ಬಾಯಿಪಾಠವಾಗುತ್ತಿದೆ ಅನ್ನಿಸಿದರೆ ಪದಗಳನ್ನು ಬಿಟ್ಟು, ಅಂದು ಕಾದ ಕಿವಿಯಿಂದಲೇ ಮತ್ತೆ ಶುರು ಮಾಡುತ್ತೇನೆ.