ಸ್ಪೀಡ್ ಡಯಲ್ ನಂಬರಿನಲ್ಲಿ ಕಾಮಾ ಹಾಕಿ ನೋಡಿ

ಆಫೀಸಿನ ಡೆಸ್ಕ್ ಫೋನಿನಲ್ಲಿ ಸ್ಪೀಡ್ ಡಯಲ್ ಸೇವ್ ಮಾಡುವಾಗ ನಂಬರಿನ ಕೊನೆಗೆ ಎರಡು ಕಾಮಾ ಹಾಕಿ, ಅದರ ಪಕ್ಕದಲ್ಲೇ ಎಕ್ಸ್‌ಟೆನ್ಶನ್ ನಂಬರನ್ನೂ ಸೇರಿಸಿಬಿಡಿ. ಆಮೇಲೆ ಒಂದು ಬಟನ್ ಒತ್ತಿದರೆ ಸಾಕು, ‘ಇದಕ್ಕೆ 1 ಒತ್ತಿ, ಅದಕ್ಕೆ 2 ಒತ್ತಿ’ ಅನ್ನೋ ಪುರಾಣ ಕೇಳುತ್ತಾ ಸುಮ್ನೆ ಕೂರಬೇಕಾಗಿಲ್ಲ. ಕಾಮಾ ಅಂದರೆ ಫೋನಿಗೆ ‘ಸ್ವಲ್ಪ ತಡಿ’ ಅಂತ ಹೇಳಿದ ಹಾಗೆ. ಎಷ್ಟೋ ಫೋನುಗಳಲ್ಲಿ ಒಂದು ಕಾಮಾಗೆ 2 ಸೆಕೆಂಡ್. ಆ ಹೊತ್ತು ಕಳೆದ ಮೇಲೆ ಉಳಿದ ಅಂಕಿಗಳ ಟೋನ್ ಹೋಗುತ್ತದೆ, ನೀವೇ ಕೈಯಾರೆ ಒತ್ತಿದಂತೆ. ಕಾಮಾ ಇಲ್ಲದ ಫೋನಿನಲ್ಲಿ ಪಾಜ್ (Pause) ಬಟನ್ ಇದೆಯಾ ಹುಡುಕಿ, ಕೆಲವದರಲ್ಲಿ ರೀಡಯಲ್ ಬಟನ್ನೇ ಆ ಕೆಲಸ ಮಾಡುತ್ತದೆ. ಹೊರಗಿನ ಲೈನಿಗೆ 0 ಅಥವಾ 9 ಒತ್ತುವ ಆಫೀಸಾದರೆ ಅದನ್ನೂ ಮೊದಲಿಗೇ ಸೇರಿಸಬೇಕು, ಜಾಸ್ತಿ ಜನ ಮರೆಯೋದು ಇದನ್ನೇ. ಆ ಕಡೆಯವರು ಒಮ್ಮೊಮ್ಮೆ ಬೇಗ, ಒಮ್ಮೊಮ್ಮೆ ತಡವಾಗಿ ಎತ್ತಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಕಾಮಾ ಸೇರಿಸಿ ನೋಡಿ. ಮೆನು ಬದಲಾದರೆ ಕರೆ ಇನ್ಯಾರಿಗೋ ಹೋಗುತ್ತದೆ, ಆಗ ಹೊಸದಾಗಿ ಸೇವ್ ಮಾಡಲೇಬೇಕು. ಪೂರ್ತಿ ಮಾತು ಮುಗಿಯುವವರೆಗೆ ಅಂಕಿ ತಗೊಳ್ಳದ ಮೆನುಗಳೂ ಇವೆ, ಅಲ್ಲಿ ಇದರಿಂದ ಅಷ್ಟೇನೂ ಲಾಭವಿಲ್ಲ. ವಾಯ್ಸ್‌ಮೇಲ್ ಮೆಸೇಜ್ ಕೇಳೋಕೂ ಇದೇ ಉಪಾಯ ನಡೆಯುತ್ತದೆ. ಆದರೆ ಪಿನ್ ಮಾತ್ರ ದಯವಿಟ್ಟು ಅದರಲ್ಲಿ ಸೇರಿಸಬೇಡಿ. ನೀವು ಸೀಟಿನಲ್ಲಿ ಇಲ್ಲದಾಗ ಯಾರು ಬೇಕಾದರೂ ಆ ಬಟನ್ ಒತ್ತಿ ನಿಮ್ಮ ಮೆಸೇಜ್ ಕೇಳಬಹುದು, ಅಲ್ವಾ?