‘ಸ್ಮೋಕ್ ಆನ್ ದ ವಾಟರ್’ ಹಾಡಿನ ಸಾಲುಗಳನ್ನು ಬಿಡಿಸಿ ಓದುವ ಬಗೆ

ಬ್ರಿಟನ್ನಿನ ರಾಕ್ ಸಂಗೀತ ತಂಡ ಡೀಪ್ ಪರ್ಪಲ್‌ನ ಈ ಹಾಡಿನಲ್ಲಿ ರೂಪಕಗಳನ್ನು ಹುಡುಕಲು ಹೊರಡಬೇಡಿ. ಅದನ್ನು ಪತ್ರಿಕೆಯ ವರದಿಯಂತೆ, ಘಟನೆಗಳ ಅನುಕ್ರಮದಲ್ಲಿ ಓದಿ. ಮೊದಲು ದಿನಾಂಕ ಮತ್ತು ಸ್ಥಳವನ್ನು ಗುರುತು ಹಾಕಿಕೊಳ್ಳಿ: 1971ರ ಡಿಸೆಂಬರ್ 4, ಸ್ವಿಟ್ಜರ್‌ಲೆಂಡಿನ ಜಿನೀವಾ ಸರೋವರದ ದಂಡೆಯ ಮೋಂಟ್ರೊ ಪಟ್ಟಣ. ಅಲ್ಲಿನ ಕ್ಯಾಸಿನೊದಲ್ಲಿ ಧ್ವನಿಮುದ್ರಣ ನಡೆಸಲೆಂದು ತಂಡ ಬಂದಿಳಿದಿತ್ತು. ಆದರೆ ಅಮೆರಿಕದ ಸಂಗೀತಗಾರ ಫ್ರಾಂಕ್ ಝಪ್ಪಾ ಅವರ ಕಾರ್ಯಕ್ರಮ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಹಾರಿಸಿದ ಫ್ಲೇರ್ ಗನ್ನಿನ (ಬೆಳಕಿನ ಸಂಕೇತ ಹಾರಿಸುವ ಪಿಸ್ತೂಲು) ಕಿಡಿ ಚಾವಣಿಗೆ ತಗುಲಿ, ಕಟ್ಟಡವೇ ಸುಟ್ಟುಹೋಯಿತು. ಸರೋವರದ ಮೇಲೆ ಹಬ್ಬಿದ ಹೊಗೆಯೇ ಶೀರ್ಷಿಕೆ. ಅದನ್ನು ಸೂಚಿಸಿದವರು ತಂಡದ ಬಾಸ್ ಗಿಟಾರ್ ವಾದಕ ರೋಜರ್ ಗ್ಲೋವರ್.

ಅನಂತರ ಹೆಸರುಗಳಿಗೆ ಬನ್ನಿ. ‘ಫಂಕಿ ಕ್ಲಾಡ್’ ಎಂದರೆ ಮೋಂಟ್ರೊ ಜಾಝ್ ಉತ್ಸವದ ಸ್ಥಾಪಕರಲ್ಲೊಬ್ಬರಾದ ಕ್ಲಾಡ್ ನಾಬ್ಸ್. ಬೆಂಕಿಯಲ್ಲಿ ಸಿಕ್ಕಿಕೊಂಡ ಎಳೆಯರನ್ನು ಹೊರಗೆಳೆದದ್ದಕ್ಕಾಗಿ ಹಾಡು ಅವರನ್ನು ನೆನೆಯುತ್ತದೆ. ‘ರೋಲಿಂಗ್ ಟ್ರಕ್ ಸ್ಟೋನ್ಸ್ ಥಿಂಗ್’ ಎಂಬುದು (ನನಗೆ ಇದೇ ಹಾಡಿನ ಅತ್ಯಂತ ತುಂಟ ಮಾತು) ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಧ್ವನಿಮುದ್ರಣ ಲಾರಿ. ಕೊನೆಯ ಚರಣದ ಗ್ರ್ಯಾಂಡ್ ಹೋಟೆಲ್ ಚಳಿಗಾಲದಲ್ಲಿ ಖಾಲಿ ಬಿದ್ದಿದ್ದ ಕಟ್ಟಡ. ಈ ಹಾಡಿರುವ ‘ಮಷೀನ್ ಹೆಡ್’ ಆಲ್ಬಮ್ಮಿನ ಬಹುಭಾಗ ಮುದ್ರಣಗೊಂಡದ್ದು ಅಲ್ಲೇ. ಈ ಹಾಡಿನ ವಾದ್ಯಭಾಗ ಮಾತ್ರ ಅದಕ್ಕೂ ಮುನ್ನ ಪೆವಿಲಿಯನ್ ರಂಗಮಂದಿರದಲ್ಲಿ, ನೆರೆಹೊರೆಯವರ ದೂರಿನ ಮೇಲೆ ಪೊಲೀಸರು ಬಂದು ಬಾಗಿಲು ಬಡಿಯುವಷ್ಟರಲ್ಲಿ ಮುದ್ರಣಗೊಂಡಿತ್ತು.