ಹವಳದ ತೊಟ್ಟಿಗೆ ಬಣ್ಣದ ಜಗಳಗಂಟರು: ಪುಟ್ಟ ಮೀನುಗಳನ್ನು ಆರಿಸುವುದು ಹೇಗೆ?

ಬೆರಳುದ್ದದ ನೇರಳೆ ಮೀನೊಂದು ತನ್ನ ಎರಡರಷ್ಟು ದೊಡ್ಡದಾದ ಹೊಸ ಮೀನನ್ನು ತೊಟ್ಟಿಯ ಮೂಲೆಗೆ ಅಟ್ಟಿ, ಅದು ಆಹಾರಕ್ಕೆಂದು ಹೊರಬಂದಾಗಲೆಲ್ಲ ಈಜುರೆಕ್ಕೆಯನ್ನು ಕಚ್ಚಿ ಹರಿಯುವ ದೃಶ್ಯ ರೀಫ್ ಅಕ್ವೇರಿಯಂ (ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿ) ಇಟ್ಟವರಿಗೆ ಹೊಸದಲ್ಲ. ಗಾತ್ರ ಚಿಕ್ಕದಾದರೆ ಸ್ವಭಾವವೂ ಸೌಮ್ಯವಾಗಿರುತ್ತದೆ ಎಂಬ ಎಣಿಕೆಯೇ ಈ ತೊಂದರೆಯ ಮೂಲ. ಕಡಲಿನ ಹವಳದ ದಿಬ್ಬದಲ್ಲಿ ಪುಟ್ಟ ಮೀನಿನ ಬದುಕು ನಿಂತಿರುವುದು ಅಡಗಿಕೊಳ್ಳಲು ಸಿಕ್ಕ ಒಂದು ಸಂದಿನ ಮೇಲೆ. ಆ ಸಂದನ್ನು ಕಳೆದುಕೊಂಡರೆ ರಾತ್ರಿಯಾಗುವಷ್ಟರಲ್ಲಿ ಅದು ದೊಡ್ಡ ಮೀನೊಂದರ ಬಾಯಿಗೆ ಬೀಳಬಹುದು. ಹಾಗಾಗಿ ಅದು ತನ್ನ ನೆಲೆಗಾಗಿ ಮೈಮೇಲೆ ಬಂದವರಂತೆ ಕಾದಾಡುತ್ತದೆ. ಕಡಲಿನಲ್ಲಿ ಸೋತ ಮೀನು ಕೆಲವು ಮೀಟರ್ ದೂರ ಓಡಿಹೋದರೆ ಜಗಳ ಮುಗಿಯಿತು. ತೊಟ್ಟಿಯಲ್ಲಿ ಓಡಿದಷ್ಟೂ ಗಾಜು ಎದುರಾಗುತ್ತದೆ, ಜಗಳ ಮುಗಿಯುವುದೇ ಇಲ್ಲ.

ಬಣ್ಣಕ್ಕೂ ಜಗಳಗಂಟತನಕ್ಕೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1960ರ ದಶಕದಲ್ಲಿ ಎತ್ತಿದ್ದರು. ಭಿತ್ತಿಪತ್ರದಂತೆ ಗಾಢ ಬಣ್ಣ ತಳೆದ ಹವಳದ ಮೀನುಗಳು ಮುಖ್ಯವಾಗಿ ತಮ್ಮದೇ ಜಾತಿಯ ಮೀನುಗಳ ಮೇಲೆ ಎರಗುತ್ತವೆ, ಆ ಬಣ್ಣವೇ ‘ಈ ಜಾಗ ನನ್ನದು’ ಎಂಬ ಘೋಷಣೆ ಎಂಬುದು ಅವರ ಊಹೆಯಾಗಿತ್ತು. ಇದನ್ನು ಎಲ್ಲ ಮೀನುಗಳಿಗೂ ನಿಯಮವೆಂದು ಹೇರಲಾಗದು. ಆದರೂ ಮೀನು ಆರಿಸುವವರಿಗೆ ಇದರಲ್ಲೊಂದು ಕಿವಿಮಾತಿದೆ: ಒಂದೇ ಜಾತಿಯ, ಒಂದೇ ಬಣ್ಣದ ಅಥವಾ ಒಂದೇ ಮೈಕಟ್ಟಿನ, ಜೋಡಿಯಾಗದ ಎರಡು ಮೀನುಗಳನ್ನು ಚಿಕ್ಕ ತೊಟ್ಟಿಯಲ್ಲಿ ಜೊತೆಗಿಡಬಾರದು. ಬೇರೆ ಯಾರ ತಂಟೆಗೂ ಹೋಗದ ಫೈರ್‌ಫಿಶ್ ಕೂಡ ಜೋಡಿಯಲ್ಲದ ಸ್ವಜಾತಿಯ ಇನ್ನೊಂದನ್ನು ಸಹಿಸುವುದಿಲ್ಲ.

ಮೊದಲು ನೆಲೆಗಳನ್ನು ಎಣಿಸಿ

ಅಂಗಡಿಗೆ ಹೋಗುವ ಮುನ್ನ ತೊಟ್ಟಿಯ ಮುಂದೆ ಹತ್ತು ನಿಮಿಷ ಕುಳಿತು, ಲೈವ್ ರಾಕ್ (ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿರುವ ಕಡಲಬಂಡೆ) ಜೋಡಣೆಯಲ್ಲಿ ಎಷ್ಟು ಗುಹೆಗಳು, ಚಾಚುಗಳು, ಸಂದುಗಳು ಇವೆ ಎಂದು ಎಣಿಸಬೇಕು. ಒಂದು ಗುಹೆಯಿಂದ ಇನ್ನೊಂದು ಕಾಣದಂತೆ ಬಂಡೆ ಅಡ್ಡ ಬರುತ್ತಿದ್ದರೆ ಅವು ಎರಡು ನೆಲೆಗಳು. ನೇರವಾಗಿ ಕಾಣುತ್ತಿದ್ದರೆ ಯಜಮಾನ ಮೀನಿನ ಲೆಕ್ಕದಲ್ಲಿ ಎರಡೂ ಸೇರಿ ಒಂದೇ. ಬಂಡೆಗಳನ್ನು ಗೋಡೆಯಂತೆ ಒತ್ತಾಗಿ ಪೇರಿಸುವುದಕ್ಕಿಂತ ನಡುವೆ ಮರಳಿನ ಹರವು ಬಿಟ್ಟು ಎರಡು ಪ್ರತ್ಯೇಕ ಗುಡ್ಡೆಗಳಾಗಿ ಜೋಡಿಸುವುದು ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ. ನೂರು ಲೀಟರಿಗಿಂತ ಚಿಕ್ಕ ತೊಟ್ಟಿಯಾದರೆ ನೆಲೆಗಾಗಿ ಕಾದಾಡುವ ಸ್ವಭಾವದ ಮೀನು ಒಂದೇ ಸಾಕು. ಇನ್ನೂರು ಲೀಟರ್ ದಾಟಿದರೆ, ಮೈಕಟ್ಟಿನಲ್ಲೂ ಬಣ್ಣದಲ್ಲೂ ಹೋಲಿಕೆಯಿಲ್ಲದ ಎರಡರ ಬಗ್ಗೆ ಯೋಚಿಸಬಹುದು.

ನೀರಿನ ವಿಷಯ ಎಲ್ಲ ಮೀನುಗಳಿಗೂ ಸಮಾನ: ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ನೀರಿನ ಉಪ್ಪಿನಂಶವನ್ನು ತಿಳಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಂಡು ಈ ಸೊನ್ನೆ ಬರಲು ಹಲವು ವಾರಗಳೇ ಬೇಕು. ಹಿಂದೆ ಈ ಹಂತದಲ್ಲಿ ಡ್ಯಾಮ್ಸೆಲ್ ಮೀನುಗಳನ್ನು ‘ತಡೆದುಕೊಳ್ಳುತ್ತವೆ’ ಎಂಬ ಕಾರಣಕ್ಕೆ ಬಿಡುವ ರೂಢಿಯಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಅಮೋನಿಯಾದಲ್ಲಿ ಮೀನಿನ ಕಿವಿರುಗಳು ಸುಡುತ್ತವೆ. ಬದುಕಿ ಉಳಿದ ಮೀನು ಇಡೀ ತೊಟ್ಟಿಯನ್ನು ತನ್ನದೆಂದು ಭಾವಿಸಿ, ಆಮೇಲೆ ಬಂದವರನ್ನೆಲ್ಲ ಹೊರಗಿನವರೆಂದೇ ಕಾಣುತ್ತದೆ.

ಯಾವ ಮೀನು, ಎಂಥ ಸ್ವಭಾವ

ಮೊದಲ ಬಾರಿಗೆ ಇಂಥ ಮೀನು ಸಾಕುವವರಿಗೆ ನಾನು ಸೂಚಿಸುವುದು ರಾಯಲ್ ಗ್ರಾಮಾ. ಕೆರಿಬಿಯನ್ ಕಡಲಿನ, ಸುಮಾರು 8 ಸೆಂ.ಮೀ. ಬೆಳೆಯುವ ಈ ಮೀನಿನ ಮುಂಭಾಗ ನೇರಳೆ, ಹಿಂಭಾಗ ಹಳದಿ. ಚಾಚು ಬಂಡೆಯ ಅಡಿಯಲ್ಲಿ ತಲೆಕೆಳಗಾಗಿ ನಿಲ್ಲುವುದು ಅದಕ್ಕೆ ಸಹಜ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ತನ್ನ ಗುಹೆಯ ಬಳಿ ಯಾರಾದರೂ ಸುಳಿದರೆ ಬಾಯಿಯನ್ನು ಅಗಲವಾಗಿ ತೆರೆದು ಹೆದರಿಸುತ್ತದೆ, ಬಹುಮಟ್ಟಿಗೆ ಅಷ್ಟಕ್ಕೇ ನಿಲ್ಲುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಶ್ಚಿಮ ಪೆಸಿಫಿಕ್ಕಿನ ರಾಯಲ್ ಡಾಟಿಬ್ಯಾಕ್‌ ಎಂಬ ಮೀನಿಗೂ ಇದೇ ನೇರಳೆ ಮತ್ತು ಹಳದಿ ಬಣ್ಣಗಳಿವೆ, ಆದರೆ ಅದು ಬಲು ಮುಂಗೋಪಿ. ಗ್ರಾಮಾದ ಎರಡು ಬಣ್ಣಗಳು ಚುಕ್ಕೆಚುಕ್ಕೆಯಾಗಿ ಒಂದರೊಳಗೊಂದು ಬೆರೆಯುತ್ತವೆ, ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟಿರುತ್ತದೆ. ಡಾಟಿಬ್ಯಾಕ್‌ನಲ್ಲಿ ಗೆರೆ ಎಳೆದಂತೆ ಬಣ್ಣ ಬದಲಾಗುತ್ತದೆ, ಬೊಟ್ಟಿಲ್ಲ. ಕೊಳ್ಳುವ ಮುನ್ನ ಇದನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳಿ.

ಡಾಟಿಬ್ಯಾಕ್‌ ಗುಂಪಿನದೇ ಮೀನು ಬೇಕೆನ್ನುವವರಿಗೆ ಆರ್ಕಿಡ್ ಡಾಟಿಬ್ಯಾಕ್‌ ಇದೆ. ಕೆಂಪು ಸಮುದ್ರದ ಈ ಮೀನು ಮೈತುಂಬ ನೇರಳೆ, ಕಣ್ಣಿನ ಮೇಲೆ ಹಾದುಹೋಗುವ ಒಂದು ಕಪ್ಪು ಗೆರೆ, ಉದ್ದ 6-7 ಸೆಂ.ಮೀ. ತನ್ನ ಬಳಗದ ಹೆಚ್ಚಿನವುಗಳಿಗಿಂತ ಇದು ಸೌಮ್ಯ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಗಳು ಸಿಗುವುದರಿಂದ, ಇದಕ್ಕಾಗಿ ಕಡಲನ್ನು ಬರಿದು ಮಾಡಬೇಕಾಗಿಲ್ಲ ಎಂಬ ಸಮಾಧಾನವೂ ಉಂಟು.

ಡ್ಯಾಮ್ಸೆಲ್‌ಗಳ ವಿಷಯದಲ್ಲಿ ಒಂದೇ ಮಾತಿನ ತೀರ್ಪು ಸಲ್ಲದು. ನೀಲಿ ಮೈಗೆ ಹಳದಿ ಬಾಲದ ಯೆಲ್ಲೋಟೇಲ್ ಡ್ಯಾಮ್ಸೆಲ್ ಸುಮಾರು 7 ಸೆಂ.ಮೀ. ಬೆಳೆಯುತ್ತದೆ, ಒಂಟಿಯಾಗಿಟ್ಟರೆ ಉಳಿದವುಗಳೊಂದಿಗೆ ಹೊಂದಿಕೊಳ್ಳುತ್ತದೆ. ಬ್ಲೂ ಡೆವಿಲ್ ಗಾತ್ರದಲ್ಲಿ ಅದಕ್ಕಿಂತ ತುಸುವೇ ದೊಡ್ಡದು, ಜಗಳದಲ್ಲಿ ಬಹಳ ದೊಡ್ಡದು. ಡಾಮಿನೊ ಡ್ಯಾಮ್ಸೆಲ್ ಕಡುಗಪ್ಪು ಮೈಮೇಲೆ ಬಿಳಿ ಚುಕ್ಕೆಗಳ ಮುದ್ದು ಮರಿಯಾಗಿ ಮನೆಗೆ ಬಂದು, ಬೆಳೆದಂತೆ ಚುಕ್ಕೆ ಮಾಸಿ, 14 ಸೆಂ.ಮೀ.ವರೆಗಿನ ದಾಂಡಿಗನಾಗುತ್ತದೆ, ಮನೆಯ ಸಣ್ಣ ತೊಟ್ಟಿಗೆ ಇದು ಬೇಡವೇ ಬೇಡ. ಡ್ಯಾಮ್ಸೆಲ್ ಕುಲಕ್ಕೇ ಸೇರಿದ ಕ್ಲೌನ್ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ಮೇಲುಗೈ ಪಡೆದದ್ದು ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ಗಾತ್ರದಲ್ಲಿ ಎದ್ದುಕಾಣುವ ವ್ಯತ್ಯಾಸವಿರುವ ಎರಡು ಮರಿಗಳನ್ನು ಒಟ್ಟಿಗೇ ಬಿಟ್ಟರೆ ಜೋಡಿಯಾಗುವ ಸಾಧ್ಯತೆ ಹೆಚ್ಚು. ಜೋಡಿಯಾದ ಮೇಲೆ ಮೂರನೆಯದನ್ನು ತರಬೇಡಿ. ಒಸೆಲಾರಿಸ್ ಕ್ಲೌನ್ ಮನೆಗೆ ತಕ್ಕದ್ದು, ಆದರೆ ಮರೂನ್ ಕ್ಲೌನ್ ಹೆಣ್ಣು 15 ಸೆಂ.ಮೀ. ಮೀರಿ ಬೆಳೆದು, ತೊಟ್ಟಿ ಸ್ವಚ್ಛಗೊಳಿಸುವ ಕೈಯನ್ನೂ ಕಚ್ಚುತ್ತದೆ.

ಸಿಕ್ಸ್‌ಲೈನ್ ರಾಸ್ ಬಗ್ಗೆ ನನಗೆ ಪ್ರೀತಿಯೂ ಇದೆ, ನೋವಿನ ನೆನಪೂ ಇದೆ. ನೇರಳೆ ಛಾಯೆಯ ನೀಲಿ ಮೈಮೇಲೆ ಆರು ಕಿತ್ತಳೆ ಗೆರೆಗಳ ಈ ಮೀನು ಹಗಲಿಡೀ ಬಂಡೆಯ ಸಂದುಗಳಲ್ಲಿ ನುಸುಳುತ್ತ ಸಣ್ಣ ಹುಳುಗಳನ್ನು ಹೆಕ್ಕುತ್ತದೆ, ರಾತ್ರಿ ಲೋಳೆಯ ಗೂಡು ಹೆಣೆದುಕೊಂಡು ಅದರೊಳಗೆ ಮಲಗುತ್ತದೆ. ನನ್ನ ಮೊದಲ ತೊಟ್ಟಿಗೆ ಇದನ್ನೇ ಮೊದಲು ತಂದೆ. ಎರಡು ತಿಂಗಳ ನಂತರ ತಂದ ಫೈರ್‌ಫಿಶ್ ಅನ್ನು ಅದು ಬೆಳಗಿನಿಂದ ಸಂಜೆವರೆಗೆ ಅಟ್ಟಾಡಿಸಿತು. ಮರುದಿನ ಫೈರ್‌ಫಿಶ್ ಮುಚ್ಚಳವಿಲ್ಲದ ತೊಟ್ಟಿಯಿಂದ ಜಿಗಿದು ನೆಲದ ಮೇಲೆ ಸತ್ತುಬಿದ್ದಿತ್ತು. ತಪ್ಪು ರಾಸ್‌ ಮೀನಿನದಲ್ಲ, ಕ್ರಮ ತಪ್ಪಿದ ನನ್ನದು. ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಬಿಗಿಯುವುದನ್ನು ಅಂದಿನಿಂದ ನಾನು ಮರೆತಿಲ್ಲ.

ಫ್ಲೇಮ್ ಹಾಕ್‌ಫಿಶ್‌ಗೆ ಗಾಳಿಚೀಲವಿಲ್ಲ, ಹಾಗಾಗಿ ಅದು ಸದಾ ಈಜದೆ ಹವಳದ ಮೇಲೆ ಕುಳಿತು ಸುತ್ತ ನೋಡುತ್ತಿರುತ್ತದೆ. ಕೆಂಪು ಮೈಯ ಈ 9 ಸೆಂ.ಮೀ. ಮೀನು ಹವಳವನ್ನು ತಿನ್ನುವುದಿಲ್ಲ, ಆದರೆ ಸಣ್ಣ ಅಲಂಕಾರಿಕ ಸೀಗಡಿಗಳನ್ನು ಬೇಟೆಯಾಡುತ್ತದೆ. ಸೀಗಡಿ ಇಟ್ಟವರು ಇದನ್ನು ಬಿಡುವುದೇ ಲೇಸು. ಕುಬ್ಜ ಏಂಜೆಲ್ ಮೀನುಗಳು ಹವಳವನ್ನು ಕಚ್ಚಿ ನೋಡುವ ಅಪಾಯ ಇದ್ದೇ ಇರುತ್ತದೆ. ತೀರ ಚಿಕ್ಕ ತೊಟ್ಟಿಗೆ ಮೂರೂವರೆ ಸೆಂ.ಮೀ. ಮೀರದ ಹಳದಿ ಕ್ಲೌನ್ ಗೋಬಿ ಚೆನ್ನ. ಹವಳದ ಕೊಂಬೆಗಳ ನಡುವೆ ಕೂರುವ ಅದರ ಮೈಯ ಲೋಳೆ ವಿಷಯುಕ್ತವಾದ್ದರಿಂದ ಇತರ ಮೀನುಗಳು ಅದನ್ನು ನುಂಗಲು ಹಿಂಜರಿಯುತ್ತವೆ.

ಬಿಡುವ ಕ್ರಮ

ಸಾಧುಗಳು ಮೊದಲು, ಜಗಳಗಂಟರು ಕೊನೆಗೆ. ಫೈರ್‌ಫಿಶ್, ಗೋಬಿ, ಕಾರ್ಡಿನಲ್ ಮೀನುಗಳು ಮೊದಲು ಬಂದು ತಮ್ಮ ನೆಲೆ ಹಿಡಿಯಲಿ. ಕ್ಲೌನ್ ಜೋಡಿ ಮತ್ತು ಗ್ರಾಮಾ ನಂತರ. ಡ್ಯಾಮ್ಸೆಲ್, ಡಾಟಿಬ್ಯಾಕ್‌, ಸಿಕ್ಸ್‌ಲೈನ್‌ಗಳಲ್ಲಿ ನೀವು ಆರಿಸಿದ ಒಂದು ಎಲ್ಲಕ್ಕಿಂತ ಕೊನೆಗೆ. ಪ್ರತಿ ಸೇರ್ಪಡೆಯ ನಡುವೆ ಕೆಲವು ವಾರಗಳ ಅಂತರವಿರಲಿ.

ಕೊಳ್ಳುವಾಗ ಮೀನು ನಿಮ್ಮೆದುರೇ ಆಹಾರ ತಿನ್ನುವುದನ್ನು ನೋಡಿ. ಹೊಟ್ಟೆ ಒಳಸರಿದಿರುವ, ಕಿವಿರುಗಳನ್ನು ಬಿರುಸಾಗಿ ಆಡಿಸುತ್ತಿರುವ ಮೀನನ್ನು ಅದೆಷ್ಟು ಚೆಲುವಾಗಿದ್ದರೂ ತರಬೇಡಿ. ತಂದದ್ದನ್ನು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ, ಅಡಗಲು ಪಿವಿಸಿ ಕೊಳವೆಯ ತುಂಡುಗಳನ್ನಿಟ್ಟು ಕ್ವಾರಂಟೈನ್ ಮಾಡಬೇಕು. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೊಕಾರಿಯಾನ್ ಪರಾವಲಂಬಿಗೆ ತಾಮ್ರದ ಔಷಧ ಕೊಡುತ್ತಾರೆ. ತಾಮ್ರ ಹವಳಕ್ಕೂ ಸೀಗಡಿಗೂ ಮಾರಕ, ಆದ್ದರಿಂದ ಮುಖ್ಯ ತೊಟ್ಟಿಯೊಳಗೆ ಆ ಚಿಕಿತ್ಸೆ ಮಾಡುವಂತಿಲ್ಲ.

ಮುಖ್ಯ ತೊಟ್ಟಿಗೆ ಬಿಡುವ ಮೊದಲು ಹೊಸ ಮೀನನ್ನು ರಂಧ್ರಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು, ಅದನ್ನು ತೊಟ್ಟಿಯೊಳಗೇ ಮೂರು ನಾಲ್ಕು ದಿನ ತೂಗುಹಾಕಿ. ಹಳಬರು ಬಂದು ಪೆಟ್ಟಿಗೆಗೆ ಢಿಕ್ಕಿ ಹೊಡೆಯುವುದು ದಿನದಿಂದ ದಿನಕ್ಕೆ ಕಡಿಮೆಯಾಗಿ, ಕೊನೆಗೆ ನೋಡಿಯೂ ನೋಡದಂತೆ ಹಾದುಹೋಗತೊಡಗಿದಾಗ ಬಾಗಿಲು ತೆರೆಯಬಹುದು. ಅದೇ ಸಂಜೆ ಒಂದೆರಡು ಬಂಡೆಗಳ ಜಾಗ ಬದಲಿಸಿದರೆ ಹಳಬರ ಗಡಿಗಳೂ ಕಲಸಿಹೋಗಿ ಎಲ್ಲರೂ ಹೊಸದಾಗಿ ನೆಲೆ ಹುಡುಕಬೇಕಾಗುತ್ತದೆ. ದೀಪ ಆರಿಸಿದ ಮೇಲೆ ಬಿಡಿ, ಮರುದಿನ ತೊಟ್ಟಿಯ ಎರಡೂ ತುದಿಗಳಲ್ಲಿ ಏಕಕಾಲಕ್ಕೆ ಆಹಾರ ಹಾಕಿ.

ಮೊದಲ ದಿನಗಳಲ್ಲಿ ಅಟ್ಟುವುದು, ಬಾಯಿ ತೆರೆದು ಹೆದರಿಸುವುದು ಸಹಜ. ಹೊಸ ಮೀನು ಮೂರು ದಿನವಾದರೂ ಆಹಾರಕ್ಕೆ ಬರದೆ ನೀರಿನ ಮೇಲ್ಮೈಯ ಮೂಲೆಯಲ್ಲಿ ಅಂಟಿಕೊಂಡಿದ್ದರೆ, ಈಜುರೆಕ್ಕೆಗಳು ದಿನೇದಿನೇ ಹರಿಯುತ್ತಿದ್ದರೆ, ಕಾದು ನೋಡುವ ಸಮಯ ಮುಗಿದಿದೆ ಎಂದೇ ತಿಳಿಯಿರಿ. ಬಂಡೆಗಳ ನಡುವೆ ಬಲೆ ಹಿಡಿದು ಅಟ್ಟಿದರೆ ಯಜಮಾನ ಸಿಗುವುದಿಲ್ಲ, ಹವಳಗಳು ಮುರಿಯುತ್ತವೆ ಅಷ್ಟೆ. ಅದೇ ಪಾರದರ್ಶಕ ಪೆಟ್ಟಿಗೆಯ ಬಾಗಿಲನ್ನು ದಾರ ಕಟ್ಟಿ ಮೇಲೆತ್ತಿ, ಒಳಗೆ ಆಹಾರವಿಟ್ಟು, ಹೊರಗೆ ಏನನ್ನೂ ಹಾಕದೆ ಕಾಯಿರಿ. ತೊಟ್ಟಿಯೆಲ್ಲ ತನ್ನದೆಂದುಕೊಂಡ ಮೀನೇ ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಒಳನುಗ್ಗುತ್ತದೆ; ಆಗ ದಾರ ಬಿಡಿ.